ಒಂದು ಪ್ಲಗ್ಗನ್ನು ಹೊರತುಪಡಿಸಿ

ಮಹನೀಯರೇ, ಮಹಿಳೆಯರೇ, ಅಂತರಸಂತೆಯ ಸಮಸ್ತ ನಾಗರಿಕ ಬಂಧುಗಳೇ, ಈ ಮೂಲಕ ತಮ್ಮೆಲ್ಲರ ಗಮನಕ್ಕೆ ತರಲಾಗುವುದೇನೆಂದರೆ, ಶ್ರೀ ಪುಟ್ಟಸ್ವಾಮಿಯವರ ಧರ್ಮಪತ್ನಿ ಶ್ರೀಮತಿ ಸುನಂದಮ್ಮನವರು ಅಡುಗೆಮನೆಯ ಮಿಕ್ಸಿಯ ಪ್ಲಗ್ಗನ್ನು ಸ್ವಹಸ್ತದಿಂದ ಕಿತ್ತಿರುತ್ತಾರೆ, ತದನಂತರ ಫ್ರಿಜ್ಜಿನದನ್ನೂ, ಟೀವಿಯದನ್ನು ಡಿಶ್ ವೈರಿನ ಸಮೇತವಾಗಿಯೂ ಕಿತ್ತಿರುತ್ತಾರೆ, ಒಂದು ಪ್ಲಗ್ಗನ್ನು ಹೊರತುಪಡಿಸಿ, ಅಂತ — ಬೆಳಗಾದ್ರೆ ಬರೋ ಪಂಚಾಯ್ತಿ ಕಸದ ಆಟೋದ ಮೈಕು ತಲೆ ಒಳಗೇ ಕೂತು ಕೂಗ್ತಾ ಇದ್ದಂಗಿತ್ತು ಸುನಂದಮ್ಮಂಗೆ, ಕೈಯಲ್ಲಿ ಇನ್ನೂ ಮಿಕ್ಸಿ ವೈರು, ಜಾರಲ್ಲಿ ಅರ್ಧ ನುಣ್ಣಗೆ ಅರ್ಧ ತರಿತರಿಯಾಗಿ ನಿಂತೋದ ಕಾಯಿ ಕಾರ, ಕಾಡಿನ ಮೇಲಿಂದ ಮೊದಲ್ನೇ ಗುಡುಗು, ಗುಡುಗು ಅನ್ನಂಗೂ ಇಲ್ಲ, ಯಾರೋ ಅಟ್ಟದ ಮೇಲೆ ರಾಗಿ ಮೂಟೆ ದರದರ ಎಳುದಂಗೆ, ಅಷ್ಟೇ, ಕೇಳಿದ್ದು ಕಿವಿಗೆ, ಓಡಿದ್ದು ಕೈ, ಮಧ್ಯದಲ್ಲಿ ತಲೆ ಅಂತ ಒಂದು ಅದೆ ಅನ್ನೋದು ಕೈಗೆ ಗೊತ್ತೇ ಇಲ್ಲ, ಈ ಹಟ್ಟಿಗೆ ಸೊಸೆಯಾಗಿ ಬಂದಾಗಿಂದ ಗುಡುಗು ಅಂದ್ರೆ ಪ್ಲಗ್ಗು, ಪ್ಲಗ್ಗು ಅಂದ್ರೆ ಕೀಳದು, ಇದನ್ನ ಯಾರೂ ಹೇಳ್ಕೊಟ್ಟಿದ್ದಲ್ಲ, ನಾಯಿಗೆ ಬೊಗಳದ ಯಾರಾರ ಹೇಳ್ಕೊಡ್ತಾರಾ — ಈಗ ಅದೇ ಕೈ ಹಾಲಿನ ಮೂಲೆ ಕಡೆ ಹೊರಟದೆ, ಮೆಟ್ಟಿಲ ಪಕ್ಕದ ಆ ಬಿಳೀ ಪ್ಲಗ್ಗಿನ ಕಡೆ, ಏಯ್, ಬಾ ಈಚೆ, ಅಂತ ತನ್ನ ಕೈಯನ್ನೇ ಗದರ್ಕಂಡು, ಸೆರಗಲ್ಲಿ ಸುತ್ತಿ ಹೊಟ್ಟೆಗವಚ್ಕಂಡು ಸುನಂದಮ್ಮ ಮಣೆ ಎಳ್ಕಂಡು ಕುಂತ್ಳು, ಇವತ್ತು ಒಂದಿನ, ಒಂದೇ ಒಂದು ಪ್ಲಗ್ಗು ಕೀಳ್ದೆ ಇದ್ರೆ ಸಾಕು, ಲೋಕದಲ್ಲಿ ಎಲ್ರೂ ಏನಾರ ಮಾಡಿ ದೊಡ್ಡೋರಾಯ್ತಾರೆ, ಇವಳು ಏನೂ ಮಾಡ್ದೆ ದೊಡ್ಡೋಳಾಗ್ಬೇಕು, ಅದೇ ಕಷ್ಟ.

ಆ ಪ್ಲಗ್ಗಿನ ವೈರು ಗೋಡೆ ಗೂಡಲ್ಲಿರೋ ಒಂದು ಡಬ್ಬಿಗೆ ಓಯ್ತದೆ, ಟಿಫನ್ ಕ್ಯಾರಿಯರಿನಷ್ಟು ಡಬ್ಬಿ, ಡಬ್ಬಿಯಿಂದ ಇನ್ನೊಂದು ವೈರು ಕಿಟಕಿ ಸಂದೀಲಿ ತಾರಸಿಗೆ, ತಾರಸಿ ಮೇಲೆ ಒಂದು ಕಂಬಿ, ಕಂಬಿ ತುದೀಲಿ ಬೋರಲಾಕಿದ ತಟ್ಟೆ, ಇಷ್ಟನ್ನೂ ತಂದು ನಿಲ್ಸಿದೋಳು ಸುಕನ್ಯ, ಕೆ.ಆರ್. ನಗರದ ತಮ್ಮ ವೆಂಕಟೇಶನ ಮಗಳು, ಮೈಸೂರಲ್ಲಿ ಯೂನಿವರ್ಸಿಟಿ ಒಳಗೆ ಪಿಎಚ್‌ಡಿ, ಏನೋದ್ತಾ ಇದೀಯ ಮಗ ಅಂದ್ರೆ ಮೋಡ ಅತ್ತೆ ಅಂತಾಳೆ, ಮೋಡ ಓದದೇನು, ಅವರಪ್ಪ ಗದ್ದೆ ಬದು ಮೇಲೆ ನಿಂತು ದಿನಾ ಓದ್ತಾನೆ, ಒಬ್ರಾರ ಡಾಕ್ಟ್ರೇ ಅಂದವ್ರಾ — ಅವಳೂ ಅವಳ ಜೊತೆಗಾರ್ರೂ ಸೇರ್ಕಂಡು ಒಂದು ಸ್ಯಾಟಲೈಟು ಮಾಡವ್ರೆ, ಇಟ್ಟಿಗೆ ಮೇಲೊಂದು ಇಟ್ಟಿಗೆ ಇಟ್ಟಷ್ಟು ಉದ್ದ, ಅಷ್ಟೇ, ದೊಡ್ಡ ಸ್ಯಾಟಲೈಟುಗಳ ಸಂದೀಲಿ, ಮದುವೆ ಬಸ್ಸಿಗೆ ಕೊನೇ ಗಳಿಗೇಲಿ ಹತ್ತುಸ್ಕಂಡ ನೆಂಟ್ರ ಮಗೀನಂಗೆ ರಾಕೆಟ್ಟಿನ ಮೂಲೇಲಿ ಮುದುರ್ಕಂಡು ಹೋಗಿ ಮೇಲೆ ಸುತ್ತಾ ಅದೆ, ಹೆಸರು ಮಿಂಚುಹುಳ, ಇಂಗ್ಲೀಷಲ್ಲಿ ಬೇರೆ ಹೆಸರದೆ, ಆ ಹೆಸರು ಸ್ಯಾಟಲೈಟಿಗಿಂತ ಉದ್ದ, ಕೆಲಸ ಏನು ಅಂದ್ರೆ ಮೋಡ ನೋಡದು, ಮೋಡದೊಳಗಿನ ಮಿಂಚು ನೋಡದು, ಮೋಡದ ನೆತ್ತಿಯಿಂದ ಮೇಲಕ್ಕೂ ಒಂದು ಮಿಂಚು ಹೊಡೀತದಂತೆ, ಕೆಂಪುಗೆ, ಬೇರು ಬಿಟ್ಟಂಗೆ, ಅದನ್ನ ಕೇಳ್ದಾಗ ಸುನಂದಮ್ಮ, ಮೇಲಕ್ಕೆ ಹೊಡೆದ್ರೆ ಯಾರ್ ತಲೆ ಮೇಲೆ ಬೀಳ್ತದೆ ಮಗ, ಮ್ಯಾಲಿರೋರೂ ನಮ್ಮಂಗೇ ಪ್ಲಗ್ಗು ಕೀಳ್ತಾರಾ ಅಂದಿದ್ಳು, ಸುಕನ್ಯ ನಕ್ಕಿದ್ಳು, ಆಗ ನಗ್ತಿದ್ಳು, ಆಮೇಲೆ ಹೇಳಿದ್ಳು, ನೋಡಿ ಅತ್ತೆ, ಮೇಲಿಂದ ಹುಳ ಒಂದು ಮಿಂಚು ನೋಡ್ತು ಅಂತಿಟ್ಕಳಿ, ಅದೇ ಮಿಂಚನ್ನ ಅದೇ ಗಳಿಗೇಲಿ ಕೆಳಗಿಂದ ನಿಮ್ಮ ಡಬ್ಬೀನೂ ನೋಡ್ಬೇಕು, ಆಗ್ಲೇ ಅದು ನಿಜವಾದ ಮಿಂಚು, ಇಲ್ದಿದ್ರೆ ಹುಳ ಏನೋ ಕಂಡು ಬೆದರ್ಕಂಡದೆ ಅಂತಾರೆ — ಓ, ಒಂದು ಮಿಂಚಿಗೆ ಎರಡು ಸಾಕ್ಷಿ, ಅಂಗನ್ನು ಮತ್ತೆ, ರಿಜಿಸ್ಟ್ರಾರ್ ಆಫೀಸಲ್ಲಿ ಕೇಳಂಗೆ, ಇಟ್ಕೊ ಮಗ, ಇಲ್ಲೇ ಇಟ್ಕೊ, ನಾನು ನೋಡ್ಕತೀನಿ, ಅಂದಿದ್ಳು ಸುನಂದಮ್ಮ, ಎಂಗೆ ನೋಡ್ಕಂಡ್ಳು ಅನ್ನೋದು ಈಗ ಊರಿಗೇ ಗೊತ್ತು.

ಎರಡು ಮಳೆಗಾಲ ಡಬ್ಬಿ ಒಂದು ಮಿಂಚನ್ನೂ ಹಿಡೀಲಿಲ್ಲ. ಬಿಸಿಲಿದ್ದಾಗೆಲ್ಲ ಲಕಲಕ ಅಂತ ಕೆಲಸ ಮಾಡದು, ಇಲ್ಲೇನೂ ಇಲ್ಲ ಇಲ್ಲೇನೂ ಇಲ್ಲ ಅಂತ ಮೈಸೂರಿಗೆ ಬಿಡದೆ ವರದಿ ಒಪ್ಸದು, ಗುಡುಗು ಶುರುವಾಯ್ತೋ ಉಸಿರೇ ಇಲ್ಲ, ಉಣ್ಣಾಗ ಇದ್ದು ಎಲೆ ಎತ್ತೋವಾಗ ಮಾಯ ಆಗೋ ನೆಂಟನಂಗೆ — ಸುಕನ್ಯನ ಗೈಡು ಸಾರು, ಆ ಡಬ್ಬಿ ಬರೀ ಡಬ್ಬಾ ಅಂದ್ರಂತೆ, ಡಬ್ಬಿ ಸರಿಯಾಗದೆ ಸರ್ ಅಂದ್ಳಂತೆ ಇವಳು, ಅಂಗಾದ್ರೆ ಅಂತರಸಂತೇಲಿ ಸಿಡಿಲೇ ಹೊಡೆಯಲ್ಲ ಅಂತ ಬರೀಮ್ಮ ಅಂದ್ರಂತೆ ಅವರು, ಪಾಪ ಕೂಸು, ಹ್ಯಾಂಡ್‌ಪೋಸ್ಟಲ್ಲಿ ಬಸ್ಸಿಳಿದು ಇನ್ನೊಂದು ಬಸ್ಸಿಡಿದು, ಬೆನ್ನಲ್ಲಿ ಲ್ಯಾಪ್‌ಟಾಪು, ಬಂದು ಬಂದು ಡಬ್ಬಿ ಬಿಚ್ಚದು, ತಿರುಪು ಎಣಿಸಿ ಬಟ್ಟಲಿಗಾಕದು, ಎಲ್ಲ ಸರಿ ಅದೆಯಲ್ಲ ಅತ್ತೆ ಅಂತ ತಲೆ ಮೇಲೆ ಕೈಯಿಟ್ಕಂಡು ಕೂರದು, ಸುನಂದಮ್ಮ ಪ್ರತಿಸಲ ಕಾಫಿ ಕೊಟ್ಟು, ಸೊರಗೋಗದೆ ಕೂಸು ಅಂತ ನಾಟಿಕೋಳಿ ಕುಯ್ಸಿ — ಈ ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ, ಸುಕನ್ಯನ ತಟ್ಟೇಲಿ ಮುದ್ದೆ, ಸುನಂದಮ್ಮನ ಕೈಲಿ ಸೌಟು, ಕಾಡಿನ ಕಡೆ ಗುಡುಗು, ಸೌಟು ಹಿಡಿದಂಗೇ ಎದ್ದು ಮಿಕ್ಸೀದು ಕಿತ್ತು ಫ್ರಿಜ್ಜಿಂದು ಕಿತ್ತು ಟೀವೀದು ಕಿತ್ತು ಮೂಲೇದೂ ಕಿತ್ತು ವಾಪಸ್ ಬಂದು ಸಾರು ಬಡಿಸಿದ್ಳು, ಸುಕನ್ಯನ ತುತ್ತು ಬಾಯಿ ಹತ್ರ ನಿಂತೋಗಿತ್ತು, ಅತ್ತೆ, ಅದ್ಯಾಕೆ ಕಿತ್ರಿ, ಯಾವ್ದು ಮಗ, ಅದು, ಗುಡುಗ್ತಲ್ಲವ್ವ, ಪ್ರತಿಸಲಾನೂ ಕೀಳ್ತೀರಾ, ಕೀಳ್ದೆ ಇನ್ನೇನು, ಸುಟ್ಟೋಗ್ಲಿ ಅಂತ ಬುಟ್ಬುಡ್ಲಾ ನಿನ್ನ ವಸ್ತುನ, ನಮ್ಮನೇದು ಕೊನೇಗಾಗ್ಲಿ ಅಂತ ಒಂದೊಂದ್ಸಲ ನಿಂದೇ ಮೊದ್ಲು ಕೀಳ್ತೀನಿ ಕಣವ್ವ, ಅಂತ ಹೆಮ್ಮೇಲೇ ಅಂದ್ಳು ಸುನಂದಮ್ಮ, ಹೆಮ್ಮೆ ನೆಲಕ್ಕೆ ಬೀಳಕ್ಕೆ ಒಸಿ ಹೊತ್ತು ಹಿಡೀತು. ಮತ್ತೆ ಬ್ಯಾಟ್ರಿ, ಅಂದ್ಳು ಸುಕನ್ಯ, ಕರೆಂಟು ಹೋದ್ರೂ ನಡೀಲಿ ಅಂತ ಹಿಂದ್ಗಡೆ ಒಂದು ಬ್ಯಾಟ್ರಿ ಇಟ್ಟಿದ್ನಲ್ಲ ಅತ್ತೆ, ಅದು — ಪುಟ್ಟಸ್ವಾಮಿ ತುತ್ತು ನುಂಗಿ ನೀರು ಕುಡಿದು, ಅದಾ, ಅದನ್ನ ಆನೆ ತಂತಿಗೆ ಆಕಿದ್ದೆ ಕಣವ್ವ, ಜೋಳದ ಹೊಲದ ಬೇಲಿಗೆ, ಯೂನಿವರ್ಸಿಟಿ ಬ್ಯಾಟ್ರಿ ಅಂದ್ರೆ ಆನೆ ಬಾಳ ಮರ್ಯಾದೆ ಕೊಡ್ತಿತ್ತು, ಅಂದ್ರು, ಈಗ ಎಲ್ಲದೆ ಮಾವ, ಈಗಿಲ್ಲ ಬುಡು, ಒಂದಿನ ಮರ್ಯಾದೆ ಕೊಡ್ದೆ ಇರೋ ಆನೆ ಬಂತು, ತುಳಿದಾಕ್ತು. ಸುಕನ್ಯ ನಗಕ್ಕೆ ಶುರು ಮಾಡಿದ್ಳು, ನಕ್ಳು, ನಕ್ಳು, ನಗ್ತಾ ನಗ್ತಾ ಎಲ್ಲಿ ಅಳು ಶುರುವಾಯ್ತು ಅಂತ ಗೊತ್ತಾಗ್ಲಿಲ್ಲ, ಆಮೇಲೆ ತಣ್ಣಗೆ ಮುದ್ದೆ ಪೂರ್ತಿ ಉಂಡ್ಳು, ಆ ಉಂಡಿದ್ದನ್ನ ನೋಡಕ್ಕಾಗ್ಲಿಲ್ಲ ಸುನಂದಮ್ಮಂಗೆ, ಬೈದಿದ್ರೆ ಚೆನ್ನಾಗಿರದು, ಬೈದ್ರೆ ವಾಪಸ್ ಬೈಬೋದು.

ಗುಡುಗು ಇನ್ನೊಂದು, ಈಗ ಮೂಟೆ ಎಳುದಂಗಲ್ಲ, ಮೂಟೆ ಎತ್ತಾಕಿದಂಗೆ, ನಾಲ್ಕು ಗಂಟೆ ಬಸ್ಸು ಹಾರನ್ ಹೊಡ್ಕಂಡು ಹೋಯ್ತು, ಅಂದ್ರೆ ಹೊತ್ತು ಹತ್ರ ಬಂತು, ನಾಲ್ಕೂವರೆಗೆ ಹುಳ ಬತ್ತದೆ, ಕಾಡಿನ ಆ ಕಡೆ ಕೇರಳದ ಮೇಲಿಂದ ಹತ್ತಿ ನಮ್ಮ ನೆತ್ತಿ ದಾಟಿ ಆ ಕಡೆ ಇಳೀತದೆ, ಹಾಲು ಉಕ್ಕೋಷ್ಟು ಹೊತ್ತು, ಅಷ್ಟೇ, ಇವತ್ತು ಬುಟ್ರೆ ಮುಗೀತು, ಸುಕನ್ಯ ಹೇಳವ್ಳೆ, ಹುಳ ದಿನಾ ಒಸಿ ಒಸಿ ಕೆಳಗಿಳೀತಾ ಅದೆ ಅತ್ತೆ, ಬರೋ ವಾರದೊಳಗೆ ಗಾಳಿ ತಾಕಿ ಉರಿದೋಯ್ತದೆ, ಮಧ್ಯಾಹ್ನದ ಮೇಲೆ ನಿಮ್ಮೂರ ಮೇಲೆ ಬರದು ಇದೇ ಕೊನೆ, ಒಂದೇ ಒಂದು ಮಿಂಚು ಸಾಕು ನಂಗೆ, ಮೇಲೂ ಕಂಡು ಕೆಳಗೂ ಕಂಡಿರೋದು, ಅದಿಲ್ದಿದ್ರೆ ನನ್ನ ಇಷ್ಟು ವರ್ಷದ ಥೀಸಿಸ್ಸು ಹಳೇ ಪೇಪರ್ ಅಂಗಡಿಗೆ, ಇನ್ನೊಂದು ಹುಳ ಮಾಡಕ್ಕೂ ಬುಡಲ್ಲ ಅವ್ರು — ಅದಕ್ಕೆ ಬ್ಯಾಟ್ರಿ ಸೋತದಂತೆ, ಹುಳಕ್ಕೆ, ಯಾವಾಗ್ಲೂ ಕಣ್ಮುಚ್ಚಿ ಮಲಗಿರ್ತದಂತೆ, ಮೈಸೂರಲ್ಲಿ ಅವರ ಆಫೀಸಿನ ತಾರಸಿ ಮೇಲಿರೋ ಆಂಟೆನಾದಿಂದ, ಅದು ನೆತ್ತಿಗೆ ಬರೋವಾಗ ಸರಿಯಾಗಿ, ಕಣ್ಣು ಬಿಡು ಅಂತ ಕೂಗ್ಬೇಕು, ಆಗ್ಲೇ ಬಿಡದು, ಅದನ್ನ ನಾನೇ ಕೂಗ್ತೀನಿ ಅತ್ತೆ, ಅಲ್ಲೇ ಕೂತಿರ್ತೀನಿ, ನೀವು ನಿಮ್ಮ ಕೈಗೊಂದು ಹೇಳ್ಬುಡಿ ಸಾಕು, ಅಂದಿದ್ಳು ಸುಕನ್ಯ. ಕೈಗೆ ಹೇಳದು ಆಯ್ತು, ಹೊಸ ಬ್ಯಾಟ್ರಿಗೆ ಯೂನಿವರ್ಸಿಟಿ ದುಡ್ಡು ಕೊಡ್ಲಿಲ್ಲ, ಯುಗಾದಿಯಿಂದ ಈಚೆಗೆ ಇವಳು ಕೀಳ್ದೆ ಇದ್ರೂ ಗುಡುಗಿದಾಗ ಲೈನೇ ಇರ್ತಿರ್ಲಿಲ್ಲ, ಚೆಲುವರಾಜುಗೆ ಹೇಳೋರ್ಯಾರು, ಲೈನ್‌ಮ್ಯಾನ್ ಚೆಲುವರಾಜು, ಮೋಡ ಕಟ್ಟುದ್ರೆ ಲೈನು ತೆಗೀತಾನೆ, ಗಾಳಿ ಬೀಸುದ್ರೆ ತೆಗೀತಾನೆ, ಒಂದೊಂದ್ಸಲ ಚೆನ್ನಾಗಿ ಬಿಸಿಲಿದ್ರೂ ಕೈ ಚುರುಗುಟ್ಟಿ ತೆಗೀತಾನೆ, ಸುನಂದಮ್ಮ ನೆನ್ನೆ ದಿನ ಉಪ್ಸಾರು ಮುದ್ದೆ ಇಕ್ಕಿ, ಲೋ ಚೆಲುವ, ನಾಳೆ ಸಂಜೆ ಎಷ್ಟು ಗುಡುಗಿದ್ರೂ ಒಸಿ ಹೊತ್ತು ಲೈನ್ ತೆಗೀಬ್ಯಾಡ ಕಣಪ್ಪ ಅಂದ್ಳು, ಅವ್ನು ಮುದ್ದೇನೇ ಕೆಳಗಿಟ್ಬುಟ್ಟ, ಅಕ್ಕಾ, ಮದುವೆಗೆ ಕರೆಂಟ್ ಕೊಡು ಅಂದೋರ ಕಂಡಿವ್ನಿ, ಮ್ಯಾಚಿಗೆ ಕೊಡು ಅಂದೋರ ಕಂಡಿವ್ನಿ, ಸಿಡ್ಲಿಗೆ ಕೊಡು ಅಂತ ಕೇಳ್ತಿರೋದು ನೀವೊಬ್ರೇ, ಊರಲ್ಲಿ ನಾಕು ಟೀವಿ ಸುಟ್ರೆ ನನ್ನ ಕಂಬಕ್ಕೆ ಕಟ್ಟಾಕ್ತಾರೆ, ಕಂಬಾನೂ ನಂದೇ ಅಂದ, ಸುಡದಂಗೆ ನಾನು ನೋಡ್ಕತೀನಿ, ಎಲ್ರ ಹಟ್ಟಿಗೂ ಹೋಗಿ ಪ್ಲಗ್ ಕಿತ್ತಿಡಿ ಅಂತೀನಿ, ಅಂದ್ಳು, ಅಂದಮೇಲೆ ಹೋಗ್ಲೇಬೇಕಲ್ಲ, ಇವತ್ತು ಬೆಳಗ್ಗೆ ಕೇರಿ ಕೇರಿ ಸುತ್ತಿದ್ಳು, ನಾಕ್ಗಂಟೆ ಮೇಲೆ ಎಲ್ಲ ಕಿತ್ತಿಡ್ರವ್ವ, ಕರೆಂಟು ಹೋಗಲ್ಲ ಅಂತ ನೆಚ್ಕಬ್ಯಾಡಿ, ಇವತ್ತು ಇರ್ತದೆ, ಅದೇ ಅಪಾಯ, ಎದುರು ಮನೆ ವೀರಮ್ಮ ಎಲೆ ಅಡಿಕೆ ಉಗುಳಿ, ಏನ್ ಸುನಂದಾ, ಎಲೆಕ್ಷನ್ನಿಗೆ ನಿಂತೀಯಾ, ಕರೆಂಟು ಇರ್ತದೆ ಉಷಾರಾಗಿರಿ ಅಂತ ಪ್ರಚಾರ ಮಾಡಿದೋಳು ನೀನೇ ಮೊದ್ಲು, ಅಂದ್ಳು, ಅಂದ್ರೂ ಕಿತ್ತಿಟ್ಳು, ವೀರಮ್ಮನ ಬಾಯಿ ಒಂದು ದಾರಿ, ಕೈ ಒಂದು ದಾರಿ, ಈ ಊರಲ್ಲಿ ಎಲ್ರ ಕೈಯೂ ಅಷ್ಟೇ.

ಕತ್ತಲಾದಂಗಾಯ್ತು, ಮಧ್ಯಾಹ್ನದ ಮೇಲೇ ದನ ಹಟ್ಟಿ ಕಡೆ ತಿರುಗ್ಕಂಡವೆ, ಒಂದು ಬೆಳಕು, ಕಿಟಕಿಯಷ್ಟಗಲದ ಬಿಳೀ ಬೆಳಕು ಹಾಲೊಳಕ್ಕೆ ಬಂದು ಹೋಯ್ತು, ಅದು ಹೋದ ಗಳಿಗೇಲೇ ಗೂಡಲ್ಲಿದ್ದ ಡಬ್ಬಿ ಮೇಲೆ ಒಂದು ಹಸಿರು ದೀಪ ಮಿಟುಕ್ತು, ಒಂದೇ ಸಲ, ಪಿಳಿಕ್ ಅಂತ, ಸುನಂದಮ್ಮ ಮಣೆಯಿಂದ ಬಗ್ಗಿ ನೋಡಿದ್ಳು, ಎರಡು ವರ್ಷದಿಂದ ಗೂಡಲ್ಲಿ ಕೂತಿರೋ ಡಬ್ಬಿಗೆ ಅಲ್ಲೊಂದು ದೀಪ ಅದೆ ಅಂತಲೇ ಗೊತ್ತಿರ್ಲಿಲ್ಲ, ಗೊತ್ತಾಗದೆಂಗೆ, ಮಿಂಚು ಹಿಡಿದಾಗ ಮಾತ್ರ ಹತ್ತೋ ದೀಪ, ಮಿಂಚು ಬರೋದರೊಳಗೆ ಇವಳು ಅದರ ಕತ್ತು ಹಿಸುಕ್ತಿದ್ಳಲ್ಲ, ಎಳೇ ಹುರುಳಿಕಾಯಿ ಹಸಿರು, ಸಾಸಿವೆಗಿಂತ ಒಸಿ ದಪ್ಪ, ಇಷ್ಟು ಪುಟ್ಟ ವಸ್ತು ಅಷ್ಟು ದೊಡ್ಡ ಬೆಳಕನ್ನ ಕಂಡು, ನಾನೂ ಕಂಡೆ ಅಂತ ಹೇಳದ — ಲೇ, ಅಂದ್ರು ಜಗಲಿಯಿಂದ ಪುಟ್ಟಸ್ವಾಮಿ, ಲೇ ಸುನಂದಾ, ಹತ್ರ ಬಂತು ಕಣೇ, ಅದನ್ನೂ ಕಿತ್ತಾಕು, ಕೀಳಲ್ಲ ಅಂದ್ಳು, ಕೀಳಲ್ಲ ಅಂದ್ರೆ ಏನೇ, ತಾರಸಿ ಮ್ಯಾಲೆ ಕಂಬಿ ನೆಟ್ಟು ಕೆಳಗೆ ಕರೆಂಟು ಕೊಟ್ಟು ಕೂತಿದೀಯ, ಸಿಡ್ಲಿಗೆ ಬಾಗ್ಲು ತೆಗೆದು ಒಬ್ಬಟ್ಟು ಇಟ್ಟಂಗಾಯ್ತು, ಸುಮ್ಕೆ ಕೂತ್ಕಳಿ ಅಂದ್ಳು, ಸುಮ್ಕೆ ಕೂರೋ ಜಾತಿಯಲ್ಲ ಅವರು, ಎದ್ದು ಒಳಕ್ಕೆ ಬಂದ್ರು, ಮೂಲೆ ಕಡೆ ಹೆಜ್ಜೆ ಇಟ್ರು, ಸುನಂದಮ್ಮ ಮಣೆ ಸಮೇತ ಜರುಗಿ ಪ್ಲಗ್ಗಿಗೆ ಬೆನ್ನು ಕೊಟ್ಟು ಕುಂತ್ಳು, ಬೆನ್ನಿಗೆ ಪ್ಲಗ್ಗಿನ ಮೂತಿ ಚುಚ್ತಾ ಇತ್ತು, ಏಳೇ, ಏಳಲ್ಲ, ನಂಗೆ ಭಯ ಇಲ್ಲ ಅಂದ್ಕಂಡ್ರಾ, ಅದೆ, ಆದ್ರೂ ಏಳಲ್ಲ, ಆ ಕೂಸು ಅವತ್ತು ಮುದ್ದೆ ಉಂಡಿದ್ದ ನೀವು ನೋಡಿಲ್ವ, ಬ್ಯಾಟ್ರಿ ಆನೆಗಾಕ್ದೋರು ನೀವು, ಪ್ಲಗ್ಗು ಕಿತ್ತೋಳು ನಾನು, ಗಂಡ ಹೆಂಡ್ತಿ ಸೇರ್ಕಂಡು ಆಕಾಶದಲ್ಲಿರೋದರ ಕಣ್ಣಿಗೆ ಮಣ್ಣಾಕಿದೀವಿ, ಇನ್ಯಾರಾರ ಅವ್ರಾ ನಮ್ಮಂಗೆ, ಅಂದ್ಳು, ಪುಟ್ಟಸ್ವಾಮಿ ನಿಂತೇ ಇದ್ರು, ಮದುವೆಯಾದ ಮೇಲೆ ಹೆಂಡ್ತಿ ದಾರಿಗಡ್ಡ ಕುಂತಿದ್ದು ಇದೇ ಮೊದ್ಲು, ಎಂಗೆ ದಾಟ್ಬೇಕು ಅಂತ ಅವರಿಗೂ ಗೊತ್ತಿಲ್ಲ, ಥತ್ ಅತ್ಲಾಗೆ, ಸತ್ರೆ ಇಬ್ರೂ ಸಾಯವ ಬುಡು, ಅಂತ ಪಕ್ಕದಲ್ಲೇ ಕುಂತ್ರು, ಚಾಪೇನೂ ಇಲ್ದೆ, ಬರೀ ನೆಲದ ಮೇಲೆ.

ಆಮೇಲೆ ಬಂತು ನೋಡು, ಬೆಳಕೂ ಸದ್ದೂ ಬೇರೆ ಬೇರೆ ಇರ್ಲಿಲ್ಲ, ಮನೆ ಹಂಚಿಗೆಲ್ಲ ಯಾರೋ ಒಂದೇ ಸಲ ಚಪ್ಪಾಳೆ ಹೊಡೆದಂಗೆ, ಅರ್ಜುನ ಅಂದ್ರು ಪುಟ್ಟಸ್ವಾಮಿ, ಫಲ್ಗುಣ ಅಂದ್ಳು ಸುನಂದಮ್ಮ, ಕಿರೀಟಿ ಅಂದ್ರು ಅವರು, ಸಿಡ್ಲಿಗೆ ಹೇಳೋ ಹತ್ತು ಹೆಸರಲ್ಲಿ ಮುಂದ್ಕೆ ಯಾರು ಅಂತ ಮರೆತೋಗಿ ಚೆಲುವರಾಜು ಅಂದ್ಬುಟ್ಳು ಇವಳು, ತಪ್ಪೇನು, ಈಗ ಕಾಪಾಡ್ತಿರೋನು ಅವನೇ ಅಲ್ವಾ, ಕರೆಂಟು ಹೋಗ್ಲಿಲ್ಲ, ಬಲ್ಬು ಒಂದ್ಸಲ ಮಂಕಾಗಿ ಸುಧಾರಿಸ್ಕಂತು, ಡಬ್ಬಿ ಮೇಲೆ ಹಸಿರು ದೀಪ ಪಿಳಿಕ್, ಪಿಳಿಕ್ ಪಿಳಿಕ್ — ಬೀದೀಲಿ ಗಲಾಟೆ, ಲೇ ಗುಡುಗ್ತಾ ಅದೆ ಕರೆಂಟು ಹೋಗಿಲ್ಲ ಕಣ್ಲಾ, ಏನೋ ಆಗದೆ ಕಣ್ರಪ್ಪ ಅಂತ ಯಾರೋ ಕೂಗಿದ್ರು, ಕರೆಂಟು ಹೋದ್ರೆ ಬೈತಿದ್ದ ಊರು ಹೋಗ್ಲಿಲ್ಲ ಅಂತ ಹೆದರ್ಕಂಡು ನಿಂತದೆ, ವೀರಮ್ಮ ಎದುರು ಬಾಗ್ಲಿಂದ, ಸುನಂದಾ, ಆ ಚೆಲುವ ಸತ್ತುಗಿತ್ತು ಹೋದ್ನಾ ನೋಡಿ ಬರಕ್ಕೆ ಯಾರ್ನಾರ ಕಳ್ಸೇ ಅಂತ ಅರಚ್ತಾವ್ಳೆ, ಪುಟ್ಟಸ್ವಾಮಿ ಫೋನು ಬಡ್ಕೊಳ್ತು, ಚೆಲುವರಾಜೇ, ಅಣ್ಣಾ, ಅಕ್ಕಂಗೆ ಹೇಳಿ, ಇಲ್ಲಿ ಫೋನ್ ಮೇಲೆ ಫೋನು, ಲೈನ್ ತೆಗಿಯಲೇ ಅಂತ ಬೈತಾವ್ರೆ, ನನ್ನ ಸರ್ವೀಸಲ್ಲಿ ಇಂಥ ಬೈಗಳ ಕೇಳಿರ್ಲಿಲ್ಲ, ಇನ್ನೆಷ್ಟೊತ್ತು, ಅಂದ, ಸುನಂದಮ್ಮ ಫೋನು ಕಿತ್ಕಂಡು, ಇನ್ನೊಸಿ ಕಣಪ್ಪ, ನಿನ್ನ ದಮ್ಮಯ್ಯ, ನಾಕೂವರೆ ಆಯ್ತು, ಈಗ ಮ್ಯಾಲೆ ಅದೆ ಅದು, ಮ್ಯಾಲೆ ಅದೆ, ಅಂದ್ಳು, ಏನದೆ ಮ್ಯಾಲೆ ಅಂದ ಅವ್ನು, ಹುಳ ಅಂದ್ಳು, ಹೂಂ ಬುಡಿ ಅಕ್ಕ, ಅಂದ, ಇಂಥ ಹೊತ್ತಲ್ಲಿ ಹುಳ ಅಂದ್ರೆ ಜನ ಹೆಚ್ಚು ಪ್ರಶ್ನೆ ಕೇಳಲ್ಲ.

ಮ್ಯಾಲೆ ಅದೆ — ಹಂಚಿನ ಮ್ಯಾಲೆ ತಾರಸಿ, ಅಲ್ಲ, ಹಂಚು ಅಡುಗೆಮನೆಗೆ ಮಾತ್ರ, ತಾರಸಿ ಮ್ಯಾಲೆ ಕಂಬಿ, ಕಂಬಿ ಮ್ಯಾಲೆ ಮಳೆ, ಮಳೆ ಮ್ಯಾಲೆ ಮೋಡ, ಮೋಡ ಎಷ್ಟು ದಪ್ಪ ಇರ್ತದೋ, ಅದರ ಮ್ಯಾಲೆ ಬಿಸಿಲಂತೆ, ಅಲ್ಲಿ ಯಾವಾಗ್ಲೂ ಬಿಸಿಲೇ ಅತ್ತೆ ಅಂದಿದ್ಳು, ಆ ಬಿಸಿಲಲ್ಲಿ ಎರಡು ಇಟ್ಟಿಗೆಯಷ್ಟು ಒಂದು ವಸ್ತು ಹೋಯ್ತಾ ಅದೆ, ಬಗ್ಗಿ ನೋಡ್ತಾ, ಅದಕ್ಕೆ ನಮ್ಮ ಮೋಡ ಎಂಗೆ ಕಾಣ್ತದೋ, ಅರಳೆ ರಾಶಿ ಒಳಗೆ ಟಾರ್ಚ್ ಬಿಟ್ಟಂಗಾ, ನನ್ನ ಕೈ ಕಾಣ್ತದಾ, ಸೆರಗಲ್ಲಿ ಸುತ್ಕಂಡಿರೋ ಕೈ, ಬೆವತೋಗದೆ, ಕೀಳ್ಲಿಲ್ಲ ನೋಡು, ಕೀಳ್ಲಿಲ್ಲ, ಪಿಳಿಕ್ ಅಂತು ದೀಪ, ಇಗೋ ಇದು ಒಂದು, ಈಗ ನೀನೂ ಕಂಡೆ ನಾನೂ ಕಂಡೆ, ಪಿಳಿಕ್, ಇಗೋ ಇನ್ನೊಂದು, ಒಂದು ಕೇಳಿದ್ಳು ಸುಕನ್ಯ, ಒಂದು ಬಳ್ಳ ಕೊಡ್ತಾ ಇದೀವಿ ತಗೋ, ರೀ ನೋಡಿ, ದೀಪ ನೋಡಿ, ಎಂಗೆ ಮಿಟುಕ್ತದೆ ಅಂದ್ಳು, ಪುಟ್ಟಸ್ವಾಮಿ ನೋಡ್ತಾನೇ ಇದ್ರು, ಆನೆ ಕಣ್ಣಿಗೆ ಟಾರ್ಚ್ ಬುಟ್ರೆ ಅಂಗೇ ಕಾಣ್ತದೆ ಕಣೇ ಅಂದ್ರು ಮೆಲ್ಲಗೆ, ಹೊಗಳಿದ್ದು ಅದು, ಅವರ ಬಾಯಲ್ಲಿ ಆನೆಗಿಂತ ದೊಡ್ಡ ಹೊಗಳಿಕೆ ಇಲ್ಲ — ಆಯ್ತು, ಮುಗೀತು, ಗಡಿಯಾರದ ಮುಳ್ಳು ಜರುಗ್ತು, ಹಾಲು ಉಕ್ಕೋಷ್ಟು ಹೊತ್ತು ಆಗೋಯ್ತು, ಹುಳ ದಾಟಿರ್ತದೆ, ಸುನಂದಮ್ಮ ಸೆರಗು ಬಿಚ್ಚಿ ಕೈ ನೋಡ್ಕಂಡ್ಳು, ಕೈಗೆ ಒಂದು ಮುತ್ತು ಕೊಡಣ ಅನ್ನಿಸ್ತು, ಗಂಡ ಪಕ್ಕದಲ್ಲಿದ್ರಲ್ಲ, ನಾಚ್ಕೆಯಾಗಿ ಸುಮ್ಕಾದ್ಳು.

ಫೋನು ಬಂತು, ಸುಕನ್ಯ, ಇವಳೇ ಮೊದ್ಲು ಶುರು ಮಾಡಿದ್ಳು, ಮಗ, ಕೀಳ್ಲಿಲ್ಲ ಕಣವ್ವ, ಚೆಲುವ್ನೂ ತೆಗೀಲಿಲ್ಲ, ನಿಮ್ಮ ಮಾವಾನೂ ಸುಮ್ಕೆ ಕೂತ್ರು ಅಂದ್ರೆ ನೋಡು, ದೀಪ ಮಿಟುಕ್ತಾನೇ ಅದೆ, ಎಷ್ಟು ಸಿಕ್ತವ್ವ ನಿಂಗೆ, ಅಂದ್ಳು, ಅತ್ತೆ, ಅಂದ್ಳು ಸುಕನ್ಯ, ಇಲ್ಲೂ ಗುಡುಗ್ತು, ಮೈಸೂರಲ್ಲಾ, ಹೂಂ ಅತ್ತೆ, ದೂರದಲ್ಲಿ, ಬೆಟ್ಟದ ಆ ಕಡೆ, ಒಂದೇ ಒಂದ್ಸಲ, ಮತ್ತೇನಾಯ್ತೀಗ, ನಮ್ಮ ಲ್ಯಾಬು ನೋಡ್ಕಳೋ ಸಿದ್ದಮಲ್ಲಪ್ಪನೋರು ಇದಾರಲ್ಲ, ಓಡೋಗಿ ತಾರಸಿ ಆಂಟೆನಾದ ವೈರು ಬಿಚ್ಚಾಕಿ ಬಾಗ್ಲಿಗೆ ಬೀಗ ಹಾಕ್ಬಿಟ್ರು, ಸುತ್ತೋಲೆ ಇದೆಯಂತೆ, ಗುಡುಗು ಕೇಳಿದ ಮೇಲೆ ಅರ್ಧ ಗಂಟೆ ತಾರಸಿ ಮೇಲಿನ ಯಾವ ಉಪಕರಣಕ್ಕೂ ಸಂಪರ್ಕ ಇರತಕ್ಕದ್ದಲ್ಲ ಅಂತ, ನೀನು ಹೇಳ್ಬೇಕಿತ್ತು ಮಗ, ಹೇಳ್ದೆ ಅತ್ತೆ, ಸರ್, ಇದು ಸಿಡಿಲು ನೋಡೋದಕ್ಕೇ ಇರೋ ಆಂಟೆನಾ ಸರ್, ಈಗ್ಲೇ ಬೇಕು ಅಂತ ಬೇಡ್ಕಂಡೆ, ಸಿಡಿಲು ನೋಡೋದಕ್ಕೆ ಬೇರೆ ನಿಯಮ ಅಂತ ಇದ್ರಲ್ಲಿ ಬರೆದಿಲ್ಲಮ್ಮ, ಬರೆಸ್ಕಂಡು ಬಾ ತೆಗೀತೀನಿ ಅಂದ್ರು, ಆ ಸುತ್ತೋಲೆ ಬರೆದೋರು ಯಾರು, ನಮ್ಮ ಗೈಡ್ ಸರ್ರೇ ಅತ್ತೆ, ಅವರ್ದೇ ಸಹಿ, ಅವರಿಗೊಂದು ಫೋನ್ ಮಾಡ್ಬಾರ್ದಾ ಮತ್ತೆ, ಮಾಡ್ದೆ, ಯಾವ್ದೋ ಊರಲ್ಲಿ ಸಿಡಿಲಿನ ಬಗ್ಗೆ ಭಾಷಣ ಮಾಡ್ತಾವ್ರಂತೆ, ಫೋನು ಆಫು — ಹುಳ, ಅಂದ್ಳು ಸುನಂದಮ್ಮ, ಹುಳ ಏನಾಯ್ತವ್ವ, ಬಂತು ಅತ್ತೆ, ನೆತ್ತಿ ಮೇಲೆ ಬಂತು, ದಾಟ್ತು, ಕಣ್ಣು ಬಿಡು ಅನ್ನೋರು ಇರ್ಲಿಲ್ಲ, ನಿದ್ದೇಲೇ ಹೋಯ್ತು, ಅಂದ್ಳು ಸುಕನ್ಯ, ಅಳ್ತಿರ್ಲಿಲ್ಲ, ಅವತ್ತು ಮುದ್ದೆ ಉಂಡ ದನೀಲಿ ಅಂದ್ಳು. ಫೋನು ಇಟ್ಟಿದ್ದು ಯಾರು ಅಂತ ಗೊತ್ತಾಗ್ಲಿಲ್ಲ, ಏನಂತೆ ಅಂದ್ರು ಪುಟ್ಟಸ್ವಾಮಿ, ಅಲ್ಲೂ ಕಿತ್ರಂತೆ ಅಂದ್ಳು, ಯಾರು, ಓದಿದೋರು ಅಂದ್ಳು, ಚೆಲುವಂಗೆ ಫೋನ್ ಮಾಡಿ ಇನ್ನು ತೆಗೆಯಪ್ಪ ಅನ್ಬೇಕು, ಪಾಪ ಬೈಸ್ಕತಾ ಕೂತವ್ನೆ, ಮಿಕ್ಸಿ ಕಾರ ಕೆಡ್ತದೆ, ದನ ಒಳಕ್ಕೆ ಕಟ್ಬೇಕು, ಏಳ್ಬೇಕು, ಏಳಕ್ಕಾಗ್ತಿಲ್ಲ, ಹೊರಗೆ ಒಂದು ಬೆಳಕು, ಗೂಡಲ್ಲಿ ಪಿಳಿಕ್, ಹಿಡಿದೆ ಅಂತದೆ ಅದು, ಯಾರಿಗೇ, ಇನ್ನೊಂದು ಬೆಳಕು, ಹಿಡಿದೆ, ಯಾರಿಗೆ ಹೇಳ್ತೀಯೇ, ಅದಕ್ಕೆ ಗೊತ್ತಿಲ್ಲ, ಬೆಳಕು ಬಂದಷ್ಟು ಸಲವೂ, ಒಂದನ್ನೂ ಬುಡ್ದೆ, ಸಾಸಿವೆಗಿಂತ ಒಸಿ ದಪ್ಪ, ಹಸಿರು, ಪಿಳಿಕ್, ಹಸಿರು —